ಪಟ್ಟಿಯಲ್ಲಿಲ್ಲದ ದೇಶದಲ್ಲಿ ಹುಟ್ಟಿದವನ ಪರವಾಗಿ

ಜಗತ್ತಿನ ದೇಶಗಳ ಪಟ್ಟಿ ಇಟ್ಟುಕೊಂಡಿರುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಒಂದು ವಿಮಾನ ಟಿಕೆಟು, ಕಂಪನಿಯನ್ನು ಬೇಡಿ ಪಡೆದ ಹನ್ನೊಂದು ದಿನದ ರಜೆ, ವಿಮಾನ ನಿಲ್ದಾಣದ ಬೆಂಚಿನ ಮೇಲೆ ಮೂವತ್ತೊಂದು ಗಂಟೆ, ಒಬ್ಬ ತಾಯಿ. ನಿಮ್ಮ ಪಟ್ಟಿಗೆ ಒಂದು ಹೆಸರು ಸೇರದೇ ಇದ್ದುದಕ್ಕೆ ನನ್ನ ಸ್ನೇಹಿತ ಇದ್ರೀಸ್ ತೆತ್ತದ್ದು ಇಷ್ಟು.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕನ್ನಡ ಓದುವವರಿಲ್ಲ ಎಂದು ಗೊತ್ತು. ಇಂಗ್ಲಿಷಿನಲ್ಲಿ ಕಳಿಸಿದ ಮೂರು ಪತ್ರಗಳನ್ನೂ ಯಾರೂ ಓದಲಿಲ್ಲವಲ್ಲ, ಹಾಗಾಗಿ ವ್ಯತ್ಯಾಸವೇನೂ ಆಗದು. ಇದ್ರೀಸನ ದೇಶದ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಅಂಥ ದೇಶವೇ ಇಲ್ಲವೆಂದು ಪತ್ರವನ್ನು ಬದಿಗಿಡಲು ನಿಮಗೆ ಸುಲಭವಾದೀತು.

ಆ ಪುಟ್ಟ ದೇಶ ಒಂದು ದೊಡ್ಡ ದೇಶದಿಂದ ಬಿಡಿಸಿಕೊಂಡು ಮೂವತ್ತು ವರ್ಷ ಮೀರಿತು. ಬಾವುಟ ಇದೆ, ನೋಟು ಇದೆ, ಚುನಾವಣೆ ನಡೆದು ಸೋತವರು ಮನೆಗೆ ಹೋಗುತ್ತಾರೆ. ಇನ್ನೇನು ಬೇಕಿತ್ತು ಸ್ವಾಮೀ? ನಿಮ್ಮ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ನಾವು ದುಡಿಯುವ ಈ ಕೊಲ್ಲಿ ದೇಶದಲ್ಲಿ ಅವರಿಗೆ ದೂತಾವಾಸವಿಲ್ಲ, ಅವರ ಪಾಸ್‌ಪೋರ್ಟಿಗೆ ಇಕಾಮಾ, ಅಂದರೆ ವಾಸದ ಪರವಾನಗಿ, ಸಿಗುವುದಿಲ್ಲ. ಹೀಗಾಗಿ ರಾಸ್ ಅಲ್ ಖೈರ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಇದ್ರೀಸ್, ಯಾರ ಸೈನ್ಯ ತನ್ನ ಅಪ್ಪನನ್ನು ಕೊಂದಿತೋ, ಇವರೆಲ್ಲ ಈಗಲೂ ತನ್ನ ಪ್ರಜೆಗಳೇ ಎನ್ನುವ ಆ ದೊಡ್ಡ ದೇಶದ ಪಾಸ್‌ಪೋರ್ಟನ್ನೇ ಕಿಸೆಯಲ್ಲಿಟ್ಟುಕೊಂಡು ದುಡಿಯುತ್ತಾನೆ.

ಕಳೆದ ವರ್ಷ ಅದನ್ನು ನವೀಕರಿಸಲು ಅವನು ಅರ್ಜಿಗಳನ್ನು ತುಂಬಿಕೊಡುವ ನನ್ನ ಥುಕ್ಬಾದ ಟೈಪಿಂಗ್ ಅಂಗಡಿಗೆ ಬಂದ. ಜೊತೆಗೆ ಅವನ ಫೋರ್‌ಮನ್, ಉಡುಪಿ ಕಡೆಯ ದೇಜಪ್ಪ. ಹಳೆಯದರಲ್ಲಿ ಹುಟ್ಟೂರಿನ ಹೆಸರು ಮಾತ್ರ ಇತ್ತು. ಹೊಸ ಅರ್ಜಿಗೆ ಊರಿನ ಪಕ್ಕದಲ್ಲಿ ದೇಶವೂ ಬೇಕು. ಅವನ ದೇಶ ಹಾಕುವಂತಿಲ್ಲ. ದೊಡ್ಡ ದೇಶದ ಹೆಸರು ಹಾಕಲು ಅವನು ಬಿಡಲಿಲ್ಲ.

"ನನ್ನ ಊರಿನ ಪಕ್ಕ ಅವರ ಹೆಸರು ಬೇಡ ಮುಸ್ತಫಾ. ನಾವು ಸತ್ತದ್ದೇ ಅದನ್ನು ತೆಗೆಯಲಿಕ್ಕೆ."

"ಎಂತ ಬ್ಯಾರಿಗಳೇ, ಒಂದು ದಾರಿ ಹುಡುಕಿ ಮಾರಾಯ್ರೆ. ಇಕಾಮಾ ಮುಗೀತಾ ಉಂಟು ಇವಂದು," ಎಂದ ದೇಜಪ್ಪ.

ಹುಡುಕಿದೆ. ನಮ್ಮ ಕರಾವಳಿಯವರಿಗೆ ಇಲ್ಲಿ ಒಂದು ಅಭ್ಯಾಸ: ಊರು ಯಾವುದೆಂದರೆ ಎಲ್ಲರೂ ಮಂಗಳೂರು ಎಂದುಬಿಡುತ್ತೇವೆ. ನಾನು ಹುಟ್ಟಿದ್ದು ಅಲ್ಲಿಂದ ಒಳನಾಡಿಗೆ ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ. ನನ್ನ ಪಾಸ್‌ಪೋರ್ಟಿನಲ್ಲೂ ಮಂಗಳೂರೇ. ಯಾರಿಗೆ ಏನು ನಷ್ಟವಾಗಿದೆ? "ಹಾಗಾದರೆ ನಿನ್ನ ಊರನ್ನು ಈ ರಗಳೆಯಿಂದ ಹೊರಗಿಡೋಣ. ಅವರ ರಾಜಧಾನಿಯಲ್ಲೇ ಹುಟ್ಟಿದೆ ಅಂತ ಹಾಕುವಾ," ಎಂದೆ. ಇದ್ರೀಸ್ ನಕ್ಕ. ಊರಿನ ಮರ್ಯಾದೆ ಉಳಿಯಿತೆಂದು ಇಬ್ಬರಿಗೂ ಖುಷಿ. ನಾನೇ ಟೈಪ್ ಮಾಡಿದೆ.

ಐದು ತಿಂಗಳ ಬಳಿಕ ತಾಯಿಗೆ ಕಾಯಿಲೆ ಜೋರಾಯಿತೆಂದು ಫೋನ್ ಬಂತು. ಇದ್ರೀಸ್ ಹೊರಟ. ಸ್ವಂತ ದೇಶದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟ್ ತೆರೆದರು. ಆ ನೆಲದಲ್ಲಿ ಹುಟ್ಟಿದವರನ್ನು ಯಾವ ಪಾಸ್‌ಪೋರ್ಟ್ ಇದ್ದರೂ ಬಿಡುತ್ತಾರೆ. ಇವನು ಹುಟ್ಟಿದ್ದು ಶತ್ರುವಿನ ರಾಜಧಾನಿಯಲ್ಲಿ! ತನ್ನ ದೇಶದ ಹಳೇ ಪಾಸ್‌ಪೋರ್ಟ್ ತೋರಿಸಿದ. ಅದರ ಅವಧಿ ಮುಗಿದಿತ್ತು. ನವೀಕರಿಸಲು ಇಲ್ಲಿ ಕಚೇರಿ ಎಲ್ಲಿತ್ತು?

"ನಿನ್ನ ಮಾತು ಇಲ್ಲಿಯದೇ. ಆದರೆ ಮಾತಿಗೆ ಸೀಲು ಹೊಡೆಯಲು ಆಗುವುದಿಲ್ಲ, ತಮ್ಮಾ," ಎಂದರಂತೆ ಅಧಿಕಾರಿ. ಮೇಲಧಿಕಾರಿ ಬರಬೇಕು, ಅಂದು ಶುಕ್ರವಾರ, ರಜೆ. ಗೇಟಿನ ಹೊರಗೆ ಇದ್ರೀಸನ ಅಣ್ಣ ನಿಂತಿದ್ದ. ಮನೆ ಅಲ್ಲಿಂದ ಒಂದು ಗಂಟೆಯ ದಾರಿ. ಶನಿವಾರ ಸಂಜೆ ಮೇಲಧಿಕಾರಿ ಬಂದು ಅಣ್ಣನ ಸಾಕ್ಷಿ ಪಡೆದು ಬಿಡುವ ಹೊತ್ತಿಗೆ ತಾಯಿಯ ದಫನವೂ ಆಗಿತ್ತು. ಮೇಲಧಿಕಾರಿ ಇದ್ರೀಸನ ಕೈ ಹಿಡಿದು ಹೇಳಿದ್ದು: "ಜಗತ್ತು ನಮ್ಮನ್ನು ದೇಶವೆಂದು ಒಪ್ಪುವುದಿಲ್ಲ. ಅದಕ್ಕೇ ನಾವು ದೇಶಗಳಿಗಿಂತ ತುಸು ಹೆಚ್ಚೇ ಕಟ್ಟುನಿಟ್ಟು. ಕ್ಷಮಿಸು."

ಕ್ಷಮೆ ಕೇಳಿದವರು ಅವರೊಬ್ಬರೇ. ನೀವು ಕೇಳಲಿಲ್ಲ. ನಾನೂ ಕೇಳಿಲ್ಲ. ಇದ್ರೀಸ್ ಬಯ್ಯಲೂ ಇಲ್ಲ. ಮರಳಿ ಬಂದು ಅಂಗಡಿಯಲ್ಲಿ ನನ್ನ ಎದುರು ಕುಳಿತು, "ಸರಿ ಮಾಡಿ ಕೊಡು ಮುಸ್ತಫಾ. ಇನ್ನೊಮ್ಮೆ ಊರಿಗೆ ಹೋಗಬೇಕು, ಕಬರಿನ ಹತ್ತಿರ ಕೂರಬೇಕು," ಎಂದ. ತಿದ್ದುಪಡಿ ಅರ್ಜಿ ತೆರೆದೆ. ಊರಿನ ಪಕ್ಕದಲ್ಲಿ ಅದು ಮತ್ತೆ ದೇಶ ಕೇಳುತ್ತಿದೆ. ಎರಡು ತಿಂಗಳಿಂದ ಹಾಗೇ ಉಳಿದಿದೆ.

ಮಾನ್ಯರೇ, ಒಂದು ನಾಡಿನ ಜನ ತಾವು ಯಾರೆಂದು ತಾವೇ ಹೇಳಿಕೊಂಡರೆ ಸಾಲದೇ? ಇನ್ನೂ ಎಷ್ಟು ತಲೆಮಾರಿನ ಸಾಕ್ಷಿ ಬೇಕು? ಆ ಹೆಸರನ್ನು ಪಟ್ಟಿಗೆ ಸೇರಿಸಿ. ಅದಕ್ಕೆ ಧೈರ್ಯ ಸಾಲದಿದ್ದರೆ, ಹುಟ್ಟಿದ ಊರನ್ನು ಊರಾಗಿಯೇ ಬರೆಯಲು ಬಿಡಿ ಎಂದು ಎಲ್ಲ ದೇಶಗಳಿಗೂ ಒಂದು ಸುತ್ತೋಲೆಯನ್ನಾದರೂ ಕಳಿಸಿ. ಇಷ್ಟೇ ಬೇಡಿಕೆ.

ಇದರಿಂದ ಯಾರಿಗೆ ಏನು ಸಿಕ್ಕಿತೆಂದು ಕೇಳಿದರೆ, ದೊಡ್ಡ ದೇಶಕ್ಕೆ ಕಾಗದದ ಮೇಲೆ ಒಬ್ಬ ಪ್ರಜೆ. ನಿಮ್ಮ ಕಚೇರಿಗೆ ಯಾರ ಮುನಿಸೂ ಇಲ್ಲದ ಇನ್ನೊಂದು ವರ್ಷ. ನನಗೆ ಟೈಪಿಂಗಿನ ಮೂವತ್ತು ರಿಯಾಲ್. ಇದ್ರೀಸನಿಗೆ ಏನೂ ಇಲ್ಲ.

ಇಂತಿ,
ಇನ್ನೊಬ್ಬನ ಹುಟ್ಟೂರನ್ನು ತನ್ನ ಕೈಯಾರೆ ಅಳಿಸಿದ
ಮುಸ್ತಫಾ, ಥುಕ್ಬಾ