ಮಾವನ ಗೋಡೆಯ ಇಪ್ಪತ್ತು ಸೆಂಟಿಮೀಟರ್

ಫೆಬ್ರವರಿ 4, ಸಂಜೆ 6
ಹನ್ನೆರಡನೆಯ ಗುರುತೂ ಮುಗಿಯಿತು. ಕೋಲು ನೆಟ್ಟಗೆ ಹಿಡಿ, ಮಟ್ಟದ ಗುಳ್ಳೆ ನಡುವಿಗೆ ಬರಲಿ, ಅಲುಗಬೇಡ, ಅಳತೆ ಬಂತು, ಫೋಟೋ ತೆಗೆ... ದಿನವಿಡೀ ಇದೇ ಕಸರತ್ತು. ನೆಲದಲ್ಲಿ ಹೀಗೆ ಅಳೆದ ಗುರುತುಗಳಿಗೇ ಡ್ರೋನ್ ಫೋಟೋಗಳನ್ನು ಮೊಳೆ ಹೊಡೆದಂತೆ ಕೂರಿಸುವುದು. ಇಲ್ಲದಿದ್ದರೆ ನಕ್ಷೆ ಹೋಗಿ ಗಾಳಿಪಟ.

ಹನ್ನೊಂದು ಕಡೆ ಬಣ್ಣದಲ್ಲಿ ಕ್ರಾಸ್ ಬಳಿದೆ. ಕೊನೆಯ ಮೂಲೆಗೆ ಹೋಗುವಷ್ಟರಲ್ಲಿ ಡಬ್ಬ ಖಾಲಿ. ಅಲ್ಲೊಂದು ಝೀಬ್ರಾ ಕ್ರಾಸಿಂಗ್ ಇತ್ತು. ಸವೆದ ಪಟ್ಟೆ, ಆದರೂ ಮೂಲೆ ಚೂಪು. ಅದನ್ನೇ ಗುರುತು ಮಾಡಿಕೊಂಡೆ. ಎದುರಿಗೇ ಮಾವನ ಟೈಲರ್ ಅಂಗಡಿ. ಹೆಂಡತಿಯ ತಂದೆ, ಕೊರಳಲ್ಲಿ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರದು ಮಾವನ ಮಾಪನ, ನನ್ನದು ಅಳಿಯನ ಅಳತೆ. ಬೇಕಾದರೆ ತಮ್ಮ ಟೇಪು ಕೊಡುತ್ತೇನೆಂದರು.

ಸಿದ್ಧವಾದ ನಕ್ಷೆಯನ್ನು ಪರೀಕ್ಷಿಸಲು ಬೇರೆ ಮೂರು ಚೆಕ್ ಪಾಯಿಂಟ್ ಅಳೆದಿಟ್ಟೆ. ಮೂರೂ ನಡುವಿನ ಟೀ ಅಂಗಡಿಯ ಸುತ್ತಮುತ್ತ. ವೈಜ್ಞಾನಿಕ ಕಾರಣ ಏನೂ ಇಲ್ಲ. ಬಿಸಿಲು.

ಫೆಬ್ರವರಿ 5
ಗಾಳಿ. ಡ್ರೋನ್ ಹಾರಿಸಲಿಲ್ಲ.

ಫೆಬ್ರವರಿ 7
ಗಾಳಿ. ಪೈಲಟ್ ಆಕಾಶ ನೋಡುತ್ತಾನೆ, ನಾನು ಪೈಲಟ್‌ನನ್ನು ನೋಡುತ್ತೇನೆ.

ಫೆಬ್ರವರಿ 10
ಹಾರಿತು. ಎಂಟುನೂರ ನಲವತ್ತು ಫೋಟೋ.

ಫೆಬ್ರವರಿ 16
ಮೂರೂ ಚೆಕ್ ಪಾಯಿಂಟ್‌ಗಳಲ್ಲಿ ವ್ಯತ್ಯಾಸ ಬರೀ ಎರಡೂವರೆ ಸೆಂಟಿಮೀಟರ್. ‘ನಕ್ಷೆ ಎಲ್ಲೆಡೆ ನಿಖರ’ ಎಂದು ಬರೆದು ಸಹಿ ಹಾಕಿದೆ. ಸಹಿ ಕೂಡ ಯಾವತ್ತಿಗಿಂತ ಚೆನ್ನಾಗಿ ಬಂತು.

ಮಾರ್ಚ್ 2
ರಸ್ತೆ ಅಗಲ ಮಾಡುವವರು ನನ್ನ ನಕ್ಷೆಯ ಮೇಲೆ ಗೆರೆ ಎಳೆದಿದ್ದಾರೆ. ಒಳಗೆ ಬಂದದ್ದನ್ನೆಲ್ಲ ಹನ್ನೆರಡನೇ ತಾರೀಕು ಒಡೆಯುತ್ತಾರೆ. ಮಾವನ ಅಂಗಡಿಯ ಮುಂಗೋಡೆ ಇಪ್ಪತ್ತು ಸೆಂಟಿಮೀಟರ್ ಒಳಗೆ. ಗೋಡೆ ಹೋದರೆ ಅದರ ಮೇಲಿನ ತೊಲೆ, ತೊಲೆ ಹೋದರೆ ಅಂಗಡಿ.

ಅಳಿಯ ಅಳೆದ, ಮಾವ ಅಳುವಂತಾಯಿತು. ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನೇ ನಗುತ್ತಿದ್ದೆ.

ಅವರು ಅಳಲಿಲ್ಲ. ಗಿರಾಕಿಗಳ ಬಟ್ಟೆಗಳನ್ನು ಮಡಚಿ ವಾಪಸ್ ಕೊಡುತ್ತಿದ್ದರು. ನನ್ನನ್ನು ಕಂಡು, “ನೀವು ಅಳೆದಿದ್ದು ಅಂದ್ಮೇಲೆ ಸರಿಯಾಗೇ ಇರತ್ತೆ ಬಿಡಿ ಅಳಿಯಂದ್ರೇ,” ಎಂದರು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 3, ಬೆಳಗ್ಗೆ
ಇವಳು ತಿಂಡಿ ಬಡಿಸುತ್ತ ಕೇಳಿದಳು: “ತಪ್ಪಿದೆಯಾ ಅಂತ ಕೇಳ್ತಿಲ್ಲ. ತಪ್ಪಿಲ್ಲ ಅಂತ ನಿಮಗೆ ಹೇಗೆ ಗೊತ್ತು, ಅದು ಹೇಳಿ.”
ಮೂರು ಚೆಕ್ ಪಾಯಿಂಟ್, ಎರಡೂವರೆ ಸೆಂಟಿಮೀಟರ್ ಎಂದೆಲ್ಲ ಶುರು ಮಾಡಿದೆ. ಟೀ ಅಂಗಡಿಯ ತನಕ ಬಂದು ಮಾತು ನಿಂತಿತು. ಮಾವನ ಅಂಗಡಿಯ ಮೂಲೆಯನ್ನು ಪರೀಕ್ಷಿಸಿಯೇ ಇಲ್ಲ. ಅಲ್ಲಿ ನಕ್ಷೆ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಸಹಿ ಹಾಕಿದ್ದೇನೆ.

ಈಗ ಹೋಗಿ ಅಳೆದರೆ? ಸರಿ ಬಂದರೆ ತನ್ನ ಸಹಿ ಉಳಿಸಿಕೊಂಡ ಎನ್ನುತ್ತಾರೆ; ತಪ್ಪು ಬಂದರೆ ಮಾವನಿಗಾಗಿ ನಕ್ಷೆ ಎಳೆದಾಡಿದ ಎನ್ನುತ್ತಾರೆ. ನಾನಾದರೂ ಅದನ್ನೇ ಅನ್ನುತ್ತಿದ್ದೆ.

ಮಾರ್ಚ್ 4
ಆಫೀಸಿನ ಮುಖ್ಯಸ್ಥೆ ಮೇಡಂಗೆ ಎರಡನ್ನೂ ಹೇಳಿದೆ — ಟೀ ಅಂಗಡಿ, ನಂಟಸ್ತನ. ಅವರು ಬಹಳ ಹೊತ್ತು ನನ್ನ ವರದಿಯ ಸಹಿಯನ್ನೇ ನೋಡಿದರು.
“ಆ ಬೀದಿಗೆ ನೀವು ಕಾಲಿಡಬೇಡಿ. ಮಿಲಿಮೀಟರ್ ಹೋಗ್ತಾರೆ. ಎಲ್ಲೆಲ್ಲಿ ಅಳೀತಾರೆ ಅಂತ ನಿಮಗೆ ಹೇಳಲ್ಲ.”
ಮಿಲಿಮೀಟರ್ ಎಂದರೆ ನನ್ನ ಸಹೋದ್ಯೋಗಿ. ಸ್ವಂತ ಅಣ್ಣನ ಮದುವೆಯ ಪಂಕ್ತಿಯಲ್ಲಿ ಎಲೆಗಳ ಸಾಲು ಸೊಟ್ಟ ಎಂದು ಎದ್ದು ನಿಂತ ಆಸಾಮಿ. ದಾಕ್ಷಿಣ್ಯಕ್ಕೂ ಆತನಿಗೂ ಎಣ್ಣೆ ಸೀಗೆಕಾಯಿ. ಇದೇ ಮೊದಲ ಸಲ ಅದಕ್ಕಾಗಿ ಆತನ ಮೇಲೆ ಪ್ರೀತಿ ಬಂತು.

ಮಾರ್ಚ್ 8
ಮಿಲಿಮೀಟರ್ ಬಿಸಿಲಿಗೆ ಸುಟ್ಟ ಬದನೆಕಾಯಿ ಆಗಿದ್ದಾನೆ. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದಿರಲು ನಾಲ್ಕು ಲೋಟ ನೀರು ಬೇಕಾಯಿತು.

ಮಾರ್ಚ್ 10, ಮಧ್ಯಾಹ್ನ
ಇಪ್ಪತ್ತು ಬಿಂದು ಅಳೆದಿದ್ದಾನೆ. ಹದಿನಾರರಲ್ಲಿ ವ್ಯತ್ಯಾಸ ಮೂರು ಸೆಂಟಿಮೀಟರ್ ಒಳಗೆ. ಝೀಬ್ರಾ ಮೂಲೆಯ ಸುತ್ತಲಿನ ನಾಲ್ಕರಲ್ಲಿ ಇಪ್ಪತ್ತೊಂಬತ್ತರ ಆಸುಪಾಸು.

ಮೇಡಂ ಎರಡು ಫೋಟೋ ಪಕ್ಕಪಕ್ಕ ಇಟ್ಟರು. ಫೆಬ್ರವರಿ ನಾಲ್ಕರಂದು ನಾನು ಕೋಲಿಟ್ಟಾಗ ಫೋನಿನಲ್ಲಿ ತೆಗೆದದ್ದು: ಸವೆದ ಪಟ್ಟೆ. ಫೆಬ್ರವರಿ ಹತ್ತರಂದು ಡ್ರೋನ್ ತೆಗೆದದ್ದು: ಹಾಲಿನಂಥ ಹೊಸ ಪಟ್ಟೆ. ಗಾಳಿಗೆ ನಾವು ಕೂತಿದ್ದಾಗ ಯಾರೋ ಹೊಸದಾಗಿ ಬಳಿದಿದ್ದಾರೆ, ಅಂಗಡಿಯ ಕಡೆಗೆ ಒಂದು ಗೇಣಿಗಿಂತ ಜಾಸ್ತಿ ಉದ್ದ ಎಳೆದು. ನಾನು ಹಳೆಯ ಮೂಲೆ ಅಳೆದು ಹೊಸ ಮೂಲೆಗೆ ಮೊಳೆ ಹೊಡೆದಿದ್ದೆ. ಬೀದಿಯ ಆ ತುದಿಯೆಲ್ಲ ನಕ್ಷೆಯಲ್ಲಿ ರಸ್ತೆಗೆ ಜಾರಿತ್ತು.

ಮಿಲಿಮೀಟರ್ ಅಲ್ಲಿ ಮಾವನನ್ನೂ ವಿಚಾರಿಸಿದ್ದಾನೆ. “ಹೋದ ತಿಂಗಳು ಎಂಟನೇ ತಾರೀಕು ಬಳಿದ್ರು. ಅಳಿಯಂದ್ರು ಕೇಳಲಿಲ್ಲ, ನಾನು ಹೇಳಲಿಲ್ಲ,” ಅಂದರಂತೆ.

ಮಾರ್ಚ್ 11, ಸಂಜೆ 5
ತಿದ್ದಿದ ನಕ್ಷೆ ರಸ್ತೆಯವರಿಗೆ ಹೋಯಿತು. ಮಾವನ ಗೋಡೆ ಗೆರೆಯಿಂದ ಒಂಬತ್ತು ಸೆಂಟಿಮೀಟರ್ ಹೊರಗೆ. ಸಂತೋಷಪಡುವ ಮೊದಲು ಎದುರು ಬದಿ ನೋಡಿದೆ. ಇಲ್ಲಿ ಉಳಿದದ್ದು ಅಲ್ಲಿ ಯಾರದೋ ಮನೆಗೆ ತಗಲಬಾರದಲ್ಲ. ಖಾಲಿ ಸೈಟಿನ ತಂತಿ ಬೇಲಿ ಮಾತ್ರ. ಆಮೇಲೆ ಕುರ್ಚಿಗೊರಗಿದೆ. ಎಂಟು ದಿನದ ಬೆನ್ನುನೋವು ಅಲ್ಲೇ ಇಳಿಯಿತು.

ಆರು ತಿಂಗಳು ನನ್ನ ಸಹಿ ವರದಿಗಳಿಗೆ ಬೇಡವಂತೆ. ಇನ್ನು ಮೇಲೆ ಚೆಕ್ ಪಾಯಿಂಟ್‌ಗಳನ್ನು ಇನ್ನೊಬ್ಬರೇ ಆರಿಸಬೇಕಂತೆ. ಮೇಡಂ ಕೊಟ್ಟದ್ದು ಶಿಕ್ಷೆ; ನನಗೆ ಹಿಡಿಸಿದ್ದು ರಜೆಯ ಹಾಗೆ.

5.40
ಮಾವನಿಗೆ ಫೋನ್ ಮಾಡಿದೆ. ತಪ್ಪು ನನ್ನದೇ ಎಂಬುದನ್ನು ಮೊದಲು ಹೇಳಿ, ಒಂಬತ್ತು ಸೆಂಟಿಮೀಟರನ್ನು ಆಮೇಲೆ ಹೇಳಿದೆ.
“ಒಂಬತ್ತಾ?” ಎಂದರು. “ಹೊಲಿಗೆ ಒಳಗೆ ಅಷ್ಟು ಬಟ್ಟೆ ನಾನೂ ಯಾರಿಗೂ ಬಿಟ್ಟಿಲ್ಲ.”
ಆಮೇಲೆ ಕುರ್ಚಿ ಎಳೆದ ಸದ್ದು. ಯಾವುದೋ ಪೊಟ್ಟಣ ಬಿಚ್ಚಿದ ಸದ್ದು. ಮೆಷೀನು ಒಂದು ಸಲ ತಡವರಿಸಿ, ಓಡತೊಡಗಿತು. ಫೋನ್ ಇಡುವುದನ್ನೇ ಮರೆತಿದ್ದಾರೆ. ನಾನೂ ಇಟ್ಟಿಲ್ಲ. ಮೇಜಿನ ಮೇಲಿದೆ, ಇದನ್ನು ಬರೆಯುತ್ತಿರುವಾಗಲೂ ಮೆಷೀನು ಕೇಳಿಸುತ್ತಿದೆ.