ಗಾಡಿಗೆ ಕರೆಂಟು ಬಂತು

ಹದಿನಾಲ್ಕು, ಭಾನುವಾರ

ಪ್ರವಾಸದ ಮನೆಗಾಡಿ, ನಮ್ಮ ಕ್ಯಾರವಾನಿನ ವೈರನ್ನು ಮನೆಯ ಪ್ಲಗ್ಗಿಗೆ ಹಾಕಿದರೆ ಸಾಕು, ಇಡೀ ಮನೆ ಕತ್ತಲು. ನಮ್ಮವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನಾಳೆ ಕೊಳ್ಳುವವರು ನೋಡಲು ಬರುತ್ತಾರೆ.

ತಮ್ಮ ಬಂದ. "ಅಕ್ಕಾ, ಗಾಡಿಯೊಳಗಿನ ಸ್ವಿಚ್ಚೆಲ್ಲ ಆಫ್ ಮಾಡಿ ಒಂದೊಂದೇ ಹಾಕ್ತೀನಿ. ಯಾವುದು ಹಾಕಿದಾಗ ಕರೆಂಟು ಹೋಗುತ್ತೋ ಅದೇ ಕಳ್ಳ" ಎಂದ. ನಾನು ಗ್ಯಾರೇಜಿನ ಪ್ಲಗ್ಗಿನ ಹತ್ತಿರ ನಿಂತೆ. ಪ್ರತಿ ಪ್ರವಾಸಕ್ಕೆ ಮುಂಚೆಯೂ ನಾನು ನಿಲ್ಲುತ್ತಿದ್ದ ಜಾಗ. ಗಾಡಿಯ ಒಳಗಿನಿಂದ ಅವರು "ಬಂತು!" ಎಂದು ಕೂಗುತ್ತಿದ್ದರು.

ದೀಪ, ಫ್ಯಾನು, ಫ್ರಿಜ್ಜು ತಕರಾರು ಮಾಡಲಿಲ್ಲ. ಗೀಸರ್ ಹಾಕಿದ ತಕ್ಷಣ ಕತ್ತಲು. ಅದರ ಕಾಯಿಲ್ ಕೆಟ್ಟಿದೆಯಂತೆ. ತಮ್ಮ ಗೀಸರಿನ ವೈರು ಬಿಚ್ಚಿಟ್ಟ. ನನಗೆ ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಯಾರದೋ ಮನೆಯ ರಿಪೇರಿ ನೋಡುತ್ತಿದ್ದ ಹಾಗಿತ್ತು.

ಮತ್ತೆ ಪ್ಲಗ್ ಹಾಕಿದೆ. "ಬಂತು!" ಎಂದು ಒಳಗಿನಿಂದ ಕೂಗು.

"ಹಾಗಾದ್ರೆ ಕಾಫಿಗೆ ನೀರಿಡಿ, ಬಂದೆ" ಎಂದೆ. ಇಷ್ಟು ವರ್ಷ ಅವರಿಗೆ ಹೇಳುತ್ತಿದ್ದ ಮಾತು ತಾನಾಗಿ ಬಾಯಿಗೆ ಬಂತು.

ಒಳಗೆ ಕೆಟಲಿಗೆ ನೀರು ಬೀಳುವುದು ಕೇಳಿಸಿತು.

ಕಾಫಿಗೆ ಸಕ್ಕರೆ ಇರಲಿಲ್ಲ. ಇಬ್ಬರೂ ಹಾಗೇ ಕುಡಿದೆವು.

ಗೀಸರ್ ಕೆಟ್ಟಿದೆ ಎಂದು ನಾಳೆ ಬರುವವರಿಗೆ ಹೇಳಬೇಕು. ಪ್ಲಗ್ ತೆಗೆಯಲು ಮರೆತಿದ್ದೇನೆ. ಕಿಟಕಿಯಿಂದ ಕಾಣುತ್ತಿದೆ, ಗಾಡಿಯೊಳಗೆ ದೀಪ ಉರಿಯುತ್ತಲೇ ಇದೆ, ಯಾರೋ ಇದ್ದ ಹಾಗೆ. ಎದ್ದು ಹೋಗಿ ತೆಗೆಯಬೇಕು, ಆದರೆ ಇವತ್ತೊಂದು ರಾತ್ರಿ ಉರಿಯಲಿ.