ಹುಳು ಹಣ್ಣಾದ ದಿನ

ನಂಗಲಿ ಪಕ್ಕದ ಹಳ್ಳಿಯಿಂದ
12-8-1979

ಶಾಲಾ ಇನ್‌ಸ್ಪೆಕ್ಟರ್ ಸಾಹೇಬರಿಗೆ ನಮಸ್ಕಾರಗಳು.

ತಾವು ಬಂದಾಗ ನಮ್ಮೂರ ಶಾಲೆ ಖಾಲಿಯಿದ್ದದ್ದು ಚನ್ನರಾಯಪ್ಪ ಮೇಷ್ಟ್ರ ತಪ್ಪಲ್ಲ. ಅಂದು ನಮ್ಮ ರೇಷ್ಮೆಹುಳುಗಳು ಗೂಡು ಕಟ್ಟುವಷ್ಟು ಹಣ್ಣಾಗಿದ್ದವು. ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಮಕ್ಕಳನ್ನು ಕಳಿಸಿಕೊಡಿ ಎಂದು ಮೇಷ್ಟ್ರನ್ನು ಕೇಳಿದವಳು ನಾನೇ. "ಸಂಜೆ ಎಲ್ರೂ ಬರ್ಬೇಕು, ಪಾಠ ಬಿಡಂಗಿಲ್ಲ ಕಣಮ್ಮ" ಎಂದು ಮೇಷ್ಟ್ರು ಕಳಿಸಿದರು. ಸಂಜೆ ಪಾಠವನ್ನೂ ಮಾಡಿದರು. ಅಷ್ಟರಲ್ಲಿ ತಾವು ಹೊರಟುಹೋಗಿದ್ದಿರಿ.

"ಮೇಷ್ಟ್ರು ಕಲಿಸ್ತಾರೇನಮ್ಮ?" ಎಂದು ತಾವು ನಮ್ಮ ಬಾಗಿಲಲ್ಲಿ ಕೇಳಿದಾಗ ನಾನು ನಾಚಿ ಒಳಗೆ ಹೋದೆ. ತಾವು ಏನೋ ಬರೆದುಕೊಂಡಿರಿ. ಈಗ ಅವರನ್ನು ಕೆಲಸದಿಂದ ತೆಗೆದಿದ್ದಾರೆ.

ದಯವಿಟ್ಟು ಇನ್ನೊಂದು ದಿನ ಬಂದು ಮಕ್ಕಳ ಕೈಲಿ ಓದಿಸಿ ನೋಡಿ. ನಾನೂ ಅವರ ಹತ್ತಿರ ನಾಲ್ಕನೇ ತರಗತಿವರೆಗೆ ಓದಿದವಳು. ಈ ಪತ್ರವನ್ನು ಯಾರ ಕೈಲೂ ಬರೆಸಿಲ್ಲ.

ಈ ಸಲ ಒಳಗೆ ಹೋಗುವುದಿಲ್ಲ.

ಅಂದು ಉತ್ತರ ಹೇಳದ,
ಎಲ್ಲಪ್ಪನವರ ಮಗಳು ಆಂಜಿನಮ್ಮ